ದಿನದ ಚಿಂತನೆ: ಹೆಸರಿಲ್ಲದ ದುಃಖಕ್ಕೆ ಹೆಸರು ಹುಡುಕಿದವರು



ಈ ವಾರ ನಾವು ಮೊದಲನೆಯ ಆರ್ಯಸತ್ಯವನ್ನು ಓದುತ್ತಿದ್ದೇವೆ. ಲೋಕದಲ್ಲಿ ದುಃಖ ಇದೆ ಎಂಬುದು ಹಸುಗೂಸಿಗೂ ಗೊತ್ತು, ಅದನ್ನೊಂದು ಸತ್ಯ ಎಂದು ಬುದ್ಧರು ಯಾಕೆ ಸಾರಬೇಕಿತ್ತು ಎಂದು ಮೊನ್ನೆ ಒಬ್ಬರು ಕೇಳಿದ್ದರು. ದುಃಖದ ವಿಷಯದಲ್ಲಿ ನಾವು ಮಾಡಬೇಕಾದ ಕೆಲಸ ಅದನ್ನು ಪೂರ್ತಿಯಾಗಿ ಅರಿಯುವುದು ಎಂದು ಮೊದಲ ಪ್ರವಚನದಲ್ಲೇ ಹೇಳಿದೆ. ಆ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ತಿಳಿಸಲು ಇವತ್ತು ಒಬ್ಬ ವಕೀಲರ ಬದುಕನ್ನು ಹೇಳುತ್ತೇನೆ. ಅವರು ಬೌದ್ಧರಲ್ಲ, ಪೋಲೆಂಡಿನ ಯೆಹೂದಿ. ಹೆಸರು ರಾಫೇಲ್ ಲೆಮ್ಕಿನ್. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಲೆಮ್ಕಿನ್ ಹುಟ್ಟಿದ್ದು 1900ರ ಜೂನ್ 24ರಂದು, ವೋಲ್ಕೊವಿಸ್ಕ್ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಗಳ ಕೈಯಲ್ಲಿತ್ತು, ಈಗ ಬೆಲಾರೂಸ್ ದೇಶದಲ್ಲಿದೆ. ತಂದೆ ಬೇಸಾಯಗಾರರು. ತಾಯಿ ಬೆಲ್ಲಾ ತುಂಬ ಓದಿಕೊಂಡವರು, ಚಿತ್ರ ಬರೆಯುತ್ತಿದ್ದರು, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಹುಡುಗನಿದ್ದಾಗ ಲೆಮ್ಕಿನ್ 'ಕ್ವೋ ವಾಡಿಸ್' ಎಂಬ ಕಾದಂಬರಿ ಓದಿದರು. ರೋಮಿನ ನೀರೋ ಚಕ್ರವರ್ತಿ ಕ್ರೈಸ್ತರನ್ನು ಸಿಂಹಗಳ ಬಾಯಿಗೆ ಎಸೆಯುವ ಕಥೆ ಅದು. ಜನ ಪೊಲೀಸರನ್ನು ಯಾಕೆ ಕರೆಯಲಿಲ್ಲ ಎಂದು ಹುಡುಗ ಅಮ್ಮನನ್ನು ಕೇಳಿದನಂತೆ. ಪೊಲೀಸರೂ ಕೊಲ್ಲುವವರ ಕಡೆಗೇ ಇದ್ದಾಗ ಏನು ಮಾಡಬೇಕೆಂಬುದಕ್ಕೆ ಆ ತಾಯಿಯ ಬಳಿಯೂ ಉತ್ತರ ಇದ್ದಿರಲಾರದು. 1906ರಲ್ಲಿ, ಇವರಿಗೆ ಆರು ವರ್ಷವಾಗುವ ಹೊತ್ತಿಗೆ, ಅವರ ಸೀಮೆಯ ಬಿಯಾಲಿಸ್ಟಾಕ್ ಪಟ್ಟಣದಲ್ಲೇ ಯೆಹೂದಿಗಳ ಮೇಲೆ ದೊಂಬಿ ಎದ್ದು ಹೆಣಗಳು ಬಿದ್ದವು.

ಮುಂದೆ ಲ್ವೂವ್ ನಗರದಲ್ಲಿ ಕಾನೂನು ಓದುತ್ತಿದ್ದಾಗ ಇನ್ನೊಂದು ಪ್ರಶ್ನೆ ಹುಟ್ಟಿತು. 1915ರಿಂದ ತುರ್ಕಿಯ ಒಟ್ಟೋಮನ್ ಸರ್ಕಾರ ಲಕ್ಷಾಂತರ ಅರ್ಮೇನಿಯನ್ನರನ್ನು ಊರುಗಳಿಂದ ಎಬ್ಬಿಸಿ, ಮರುಭೂಮಿಯ ಕಡೆಗೆ ನಡೆಸಿ, ಕೊಂದು ಹಾಕಿತ್ತು. ಅದನ್ನು ನಡೆಸಿದವರಲ್ಲಿ ಮುಖ್ಯನಾದ ತಲಾತ್ ಪಾಷಾ ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಆರಾಮವಾಗಿ ತಿರುಗಾಡಿಕೊಂಡಿದ್ದ. 1921ರಲ್ಲಿ ಸೊಗೊಮನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ಅವನನ್ನು ನಡುಬೀದಿಯಲ್ಲಿ ಗುಂಡಿಟ್ಟು ಕೊಂದ. ಯುವಕನ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಒಬ್ಬನನ್ನು ಕೊಂದರೆ ಅಪರಾಧ, ಲಕ್ಷಗಟ್ಟಲೆ ಜನರನ್ನು ಕೊಂದವನ ಮೇಲೆ ಒಂದು ಕೇಸೂ ಇಲ್ಲವೆಂದರೆ ಹೇಗೆ ಎಂದು ಲೆಮ್ಕಿನ್ ತಮ್ಮ ಪ್ರಾಧ್ಯಾಪಕರನ್ನು ಕೇಳಿದರು. ರೈತ ತನ್ನ ಕೋಳಿಗಳನ್ನು ಕೊಂದರೆ ಕೇಳುವವರು ಯಾರು, ಹಾಗೆಯೇ ಒಂದು ಸರ್ಕಾರ ತನ್ನ ಪ್ರಜೆಗಳನ್ನು ಏನು ಮಾಡಿದರೂ ಅದು ಅದರ ಮನೆಯ ವಿಷಯ ಎಂಬ ಅರ್ಥದ ಉತ್ತರ ಬಂತು. ಪ್ರಾಧ್ಯಾಪಕರು ಕೆಟ್ಟವರಾಗಿರಲಿಲ್ಲ. ಅಂದಿನ ಅಂತರರಾಷ್ಟ್ರೀಯ ಕಾನೂನು ಇದ್ದದ್ದೇ ಹಾಗೆ.

ಕೋಳಿಯ ಆ ಮಾತು ಲೆಮ್ಕಿನ್ನರನ್ನು ಕೊನೆಯವರೆಗೂ ಬಿಡಲಿಲ್ಲ. ಓದು ಮುಗಿಸಿ ವಾರ್ಸಾದಲ್ಲಿ ಸರ್ಕಾರಿ ವಕೀಲರಾದರು. 1933ರಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ, ಮ್ಯಾಡ್ರಿಡ್ಡಿನಲ್ಲಿ ನಡೆದ ಕಾನೂನು ಸಮ್ಮೇಳನಕ್ಕೆ ಒಂದು ಪ್ರಬಂಧ ಬರೆದು ಕಳಿಸಿದರು. ಒಂದು ಜನಸಮುದಾಯವನ್ನು ನಾಶ ಮಾಡುವುದನ್ನೂ ಅದರ ಸಂಸ್ಕೃತಿಯನ್ನು ಹಾಳುಗೆಡಹುವುದನ್ನೂ ಎಲ್ಲ ದೇಶಗಳೂ ಅಪರಾಧವೆಂದು ಒಪ್ಪಬೇಕು, ಅಪರಾಧಿ ಎಲ್ಲಿ ಸಿಕ್ಕಿದರೂ ಅಲ್ಲೇ ವಿಚಾರಣೆ ನಡೆಸಬೇಕು ಎಂಬುದು ಅದರ ಸಾರ. ಅವರದೇ ಸರ್ಕಾರ ಅವರನ್ನು ಸಮ್ಮೇಳನಕ್ಕೆ ಹೋಗಲು ಬಿಡಲಿಲ್ಲ. ಸ್ವಲ್ಪ ಕಾಲಕ್ಕೆ ಸರ್ಕಾರಿ ಕೆಲಸವೂ ಹೋಯಿತು.

1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿತು. ಲೆಮ್ಕಿನ್ ವಾರ್ಸಾ ಬಿಟ್ಟು ಕಾಡುಮೇಡು ಹಿಡಿದು ಪೂರ್ವಕ್ಕೆ ನಡೆದರು. ದಾರಿಯಲ್ಲಿ ಬ್ರೆಡ್ ಸುಡುವ ಕಸುಬಿನ ಒಬ್ಬ ಯೆಹೂದಿಯ ಮನೆಯಲ್ಲಿ ಉಳಿದರು. ಹಿಂದಿನ ಯುದ್ಧದಲ್ಲೂ ಜರ್ಮನ್ನರು ಬಂದಿದ್ದರು, ಆಗ ವ್ಯಾಪಾರ ಮಾಡಿಕೊಂಡು ಬದುಕಿದೆವು, ಈಗಲೂ ಬದುಕುತ್ತೇವೆ ಎಂದು ಆ ಮನುಷ್ಯನಿಗೆ ನಂಬಿಕೆ. ಹಿಟ್ಲರ್ ಏನು ಬರೆದಿದ್ದಾನೆಂದು ಲೆಮ್ಕಿನ್ ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ನನಗೆ ಈ ಘಟನೆ ಬಹಳ ಕಾಡುತ್ತದೆ. ಕಾಣದ ಊರಿನ ಸುಳ್ಳು ಸುದ್ದಿಯನ್ನು ತಕ್ಷಣ ನಂಬುವ ನಾವು ಬಾಗಿಲಿಗೆ ಬಂದ ಅನಾಹುತವನ್ನು ಮಾತ್ರ ನಂಬುವುದಿಲ್ಲ.

ಅಲ್ಲಿಂದ ತಂದೆ ತಾಯಿಯರ ಬಳಿಗೆ ಹೋದರು. ಜೊತೆಗೆ ಬನ್ನಿ ಎಂದು ಕರೆಯಬೇಕೆಂದಿದ್ದರು. ಅವರು ಹುಟ್ಟೂರು ಬಿಟ್ಟು ಬರುವವರಲ್ಲ ಎಂಬುದು ಮುಖ ನೋಡಿದೊಡನೆ ಗೊತ್ತಾಯಿತು. ಕೆಲವು ದಿನ ಒಟ್ಟಿಗೆ ಕಳೆದರು, ಅಷ್ಟೇ. ಲಿಥುವೇನಿಯಾ ದಾಟಿ, ಸ್ವೀಡನ್ ಸೇರಿ, ಆಮೇಲೆ ಇಡೀ ರಷ್ಯಾವನ್ನು ರೈಲಿನಲ್ಲಿ ಹಾದು, ಜಪಾನಿನಿಂದ ಹಡಗು ಹತ್ತಿ, 1941ರ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದರು. ಜೂನ್ ಹೊತ್ತಿಗೆ ಮನೆಯಿಂದ ಒಂದು ಚೂರು ಕಾಗದದಲ್ಲಿ ಕ್ಷೇಮಸಮಾಚಾರ ಬಂತು. ಅದೇ ತಿಂಗಳು 22ರಂದು ಜರ್ಮನ್ ಸೇನೆ ಸೋವಿಯತ್ ಗಡಿ ದಾಟಿತು. ಮತ್ತೆ ಕಾಗದ ಬರಲಿಲ್ಲ.

ಸ್ವೀಡನ್ನಿನಲ್ಲಿದ್ದಾಗ ಲೆಮ್ಕಿನ್ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ನಾಜಿಗಳು ತಾವು ಗೆದ್ದ ದೇಶಗಳಲ್ಲಿ ಹೊರಡಿಸಿದ ಆದೇಶಗಳನ್ನೂ ಗೆಜೆಟ್ಟುಗಳನ್ನೂ ಒಂದೊಂದಾಗಿ ಕೂಡಿಹಾಕತೊಡಗಿದರು. ಮೇಲೆ ನೋಡಿದರೆ ಒಣ ಕಚೇರಿ ಕಾಗದಗಳು. ಪಡಿತರ ಜರ್ಮನ್ನರಿಗೆ ಇಷ್ಟು, ಪೋಲರಿಗೆ ಅದಕ್ಕಿಂತ ಕಡಿಮೆ, ಯೆಹೂದಿಗಳಿಗೆ ಎಲ್ಲರಿಗಿಂತ ಕಡಿಮೆ. ಪೋಲರು ಮದುವೆಯಾಗಲು ಅಪ್ಪಣೆ ಬೇಕು. ಲಕ್ಸೆಂಬರ್ಗಿನಲ್ಲಿ ಜನರ ಹೆಸರುಗಳನ್ನು ಜರ್ಮನ್ ರೂಪಕ್ಕೆ ಬದಲಿಸಬೇಕು. ಬಿಡಿಬಿಡಿಯಾಗಿ ಓದಿದರೆ ಆಡಳಿತದ ಕಿರುಕುಳ ಅನ್ನಿಸುತ್ತದೆ. ಒಟ್ಟಿಗೆ ಓದಿದ ಲೆಮ್ಕಿನ್‌ಗೆ ಒಂದು ಯೋಜನೆ ಕಂಡಿತು. ಮೊದಲು ಊಟ ಕಡಿಮೆಯಾಗುತ್ತದೆ, ಮಕ್ಕಳು ಹುಟ್ಟುವುದು ಕಡಿಮೆಯಾಗುತ್ತದೆ, ಭಾಷೆ ಹೋಗುತ್ತದೆ, ಕೊನೆಗೆ ಆ ಜನರೇ ಇರುವುದಿಲ್ಲ. ಕಾರಣಗಳ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ನೋಡುವುದನ್ನು ನಾವು ಪಟಿಚ್ಚಸಮುಪ್ಪಾದದ ಪಾಠದಲ್ಲಿ ಕಲಿಯುತ್ತೇವಲ್ಲ, ಈ ವಕೀಲರು ಅದನ್ನು ಗೆಜೆಟ್ಟಿನ ಪುಟಗಳಲ್ಲಿ ಮಾಡಿದರು.

1941ರಲ್ಲಿ ಚರ್ಚಿಲ್ ಒಂದು ರೇಡಿಯೊ ಭಾಷಣದಲ್ಲಿ ಈ ಅಪರಾಧಕ್ಕೆ ಹೆಸರೇ ಇಲ್ಲವೆಂದಿದ್ದರು. 1944ರ ನವೆಂಬರಿನಲ್ಲಿ ಹೊರಬಂದ ತಮ್ಮ ದೊಡ್ಡ ಗ್ರಂಥದಲ್ಲಿ ಲೆಮ್ಕಿನ್ ಹೆಸರು ಕೊಟ್ಟರು. ಜನಾಂಗ ಎಂಬ ಅರ್ಥದ ಗ್ರೀಕ್ ಪದಕ್ಕೆ ಕೊಲ್ಲು ಎಂಬ ಅರ್ಥದ ಲ್ಯಾಟಿನ್ ಪ್ರತ್ಯಯ ಸೇರಿಸಿ 'ಜೆನೋಸೈಡ್' ಎಂದರು. ನಮ್ಮ ಪತ್ರಿಕೆಗಳು ಇದಕ್ಕೆ ಹೆಚ್ಚಾಗಿ ನರಮೇಧ ಎಂದು ಬರೆಯುತ್ತವೆ. ನನಗೆ ಆ ಪದ ಅಷ್ಟು ಸರಿ ಕಾಣುವುದಿಲ್ಲ. ಮೇಧ ಎಂದರೆ ಯಜ್ಞ. ಕೊಲೆಗೆ ಯಜ್ಞದ ವಾಸನೆ ಹತ್ತಿಸುವುದು ಬೇಡ. ಜೊತೆಗೆ ಅದು ಹೆಣಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ಲೆಮ್ಕಿನ್ ಹೇಳಿದ್ದು ಉದ್ದೇಶದ ವಿಷಯ: ಇಂಥ ಜನ ಭೂಮಿಯ ಮೇಲೆ ಇರಕೂಡದು ಎಂಬ ಸಂಕಲ್ಪ. ಕರ್ಮದಲ್ಲಿ ಚೇತನವೇ ಮುಖ್ಯ ಎಂದು ಓದಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಜನಾಂಗಹತ್ಯೆ ಎನ್ನುವುದೇ ಮೇಲು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ನಡೆಯಿತು. ಆರೋಪಪಟ್ಟಿಯಲ್ಲಿ ಈ ಹೊಸ ಪದ ಸೇರಿತು. ಅಲ್ಲಿಗೆ ಹೋದಾಗಲೇ ಲೆಮ್ಕಿನ್‌ಗೆ ಮನೆಯ ಸುದ್ದಿ ತಿಳಿದದ್ದು. ತಂದೆ ತಾಯಿ ಸೇರಿ 49 ಮಂದಿ ಬಂಧುಗಳು ಸತ್ತಿದ್ದರು. ಉಳಿದವರು ಅಣ್ಣ ಎಲಿಯಾಸ್, ಆತನ ಹೆಂಡತಿ, ಇಬ್ಬರು ಮಕ್ಕಳು. 1946ರ ಅಕ್ಟೋಬರ್ 1ರಂದು ತೀರ್ಪು ಮುಗಿದಾಗ ಅದರಲ್ಲಿ ಆ ಪದ ಒಂದು ಕಡೆಯೂ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಕಾಯಿಲೆಯಿಂದ ಮಲಗಿದ್ದ ಲೆಮ್ಕಿನ್ ಅದನ್ನು ತಮ್ಮ ಬಾಳಿನ ಅತಿ ಕರಾಳ ದಿನವೆಂದು ನೆನೆದರು.

ಆದರೆ ಎದ್ದರು. ನ್ಯೂಯಾರ್ಕಿಗೆ ಬಂದು, ಆಗಷ್ಟೇ ಶುರುವಾಗಿದ್ದ ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಒಂದು ಹಳೆಯ ಬ್ಯಾಗು ಹಿಡಿದು ಸುತ್ತತೊಡಗಿದರು. ಯಾವ ಹುದ್ದೆಯೂ ಇಲ್ಲ. ಯಾವ ದೇಶದ ಪ್ರತಿನಿಧಿಯೂ ಅಲ್ಲ. ಅವರನ್ನು ಕಂಡರೆ ರಾಯಭಾರಿಗಳು ತಪ್ಪಿಸಿಕೊಂಡು ಹೋಗುವಷ್ಟು ಹಿಂದೆ ಬಿದ್ದರು. ಕೊನೆಗೆ ಮೂರು ದೇಶಗಳು ನಿರ್ಣಯ ಮಂಡಿಸಲು ಒಪ್ಪಿದವು: ಕ್ಯೂಬಾ, ಪನಾಮಾ ಮತ್ತು ಭಾರತ. ಹೌದು, ನಮ್ಮ ದೇಶ, ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನೂ ಅವರು ಅದೇ ಅಧಿವೇಶನದಲ್ಲಿ ಎತ್ತಿದ್ದರು. 1946ರ ಡಿಸೆಂಬರ್ 11ರಂದು ನಿರ್ಣಯ ಅಂಗೀಕಾರವಾಯಿತು. ಎರಡು ವರ್ಷಗಳ ಎಳೆದಾಟದ ನಂತರ 1948ರ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ ಜನಾಂಗಹತ್ಯೆ ತಡೆ ಒಪ್ಪಂದವೂ ಒಂದು ವಿರೋಧವಿಲ್ಲದೆ ಅಂಗೀಕಾರವಾಯಿತು. ಭಾಷೆ, ಗ್ರಂಥಾಲಯ, ಗುಡಿಗಳನ್ನು ನಾಶ ಮಾಡುವುದೂ ಅದರಲ್ಲಿ ಸೇರಬೇಕೆಂದು ಲೆಮ್ಕಿನ್ ಹಟ ಹಿಡಿದಿದ್ದರು. ಅದು ಬಿದ್ದುಹೋಯಿತು.

ಅಂದು ಪತ್ರಕರ್ತರು ಅವರನ್ನು ಹುಡುಕಿಕೊಂಡು ಬಂದಾಗ, ದೀಪ ಆರಿದ ಸಭಾಂಗಣದಲ್ಲಿ ಒಬ್ಬರೇ ಕೂತು ಅಳುತ್ತಿದ್ದರು. ಒಂದೆರಡು ದಿನದಲ್ಲೇ ಆಸ್ಪತ್ರೆ ಸೇರಿದರು. ವೈದ್ಯರಿಗೆ ರೋಗ ಏನೆಂದು ತಿಳಿಯಲಿಲ್ಲ. ಜನಾಂಗಹತ್ಯೆಯ ಕೆಲಸದಿಂದ ಬಂದ ಬೇನೆ ಎಂದು ಅದಕ್ಕೂ ಲೆಮ್ಕಿನ್ನರೇ ಹೆಸರಿಟ್ಟುಕೊಂಡರು.

ಅವರನ್ನು ಬೋಧಿಸತ್ವ ಎಂದು ಕೂರಿಸುವ ಆಸೆ ನನಗಿಲ್ಲ. 1951ರಲ್ಲಿ ಅಮೆರಿಕದ ಕಪ್ಪು ಜನರ ನಾಯಕರಾದ ವಿಲಿಯಂ ಪ್ಯಾಟರ್ಸನ್, ಪಾಲ್ ರೋಬ್ಸನ್ ಮೊದಲಾದವರು ತಮ್ಮ ಜನರ ಮೇಲೆ ನಡೆಯುತ್ತಿದ್ದ ಗುಂಪುಕೊಲೆಗಳ ದಾಖಲೆ ಹಿಡಿದು, ಇದೂ ಜನಾಂಗಹತ್ಯೆಯೇ ಎಂದು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟರು. ಲೆಮ್ಕಿನ್ ಅದನ್ನು ತಳ್ಳಿಹಾಕಿದರು. ಅಮೆರಿಕ ಒಪ್ಪಂದಕ್ಕೆ ಸಹಿ ಸ್ಥಿರಪಡಿಸಬೇಕೆಂಬ ಆತುರ ಅವರಿಗಿತ್ತು. ತಾವು ಕಟ್ಟಿದ ಪದದ ಬಾಗಿಲನ್ನು ಬೇರೆಯವರು ತಟ್ಟಿದಾಗ ಅವರು ತೆರೆಯಲಿಲ್ಲ. ಅಮೆರಿಕವೂ ಆಗ ಸ್ಥಿರಪಡಿಸಲಿಲ್ಲ, ಅದಕ್ಕೆ 1988ರವರೆಗೆ ಬೇಕಾಯಿತು.

ಕೊನೆಯ ವರ್ಷಗಳು ಬಡತನದಲ್ಲಿ ಕಳೆದವು. ಮದುವೆಯಾಗಿರಲಿಲ್ಲ. ನ್ಯೂಯಾರ್ಕಿನ ಒಂದು ಬಾಡಿಗೆ ಕೋಣೆ, ತುಂಬ ಕಾಗದ, ಮುಗಿಯದ ಆತ್ಮಕಥೆ. ಶಾಂತಿ ನೊಬೆಲ್‌ಗೆ ಹಲವು ಸಲ ಹೆಸರು ಹೋಯಿತು, ಬರಲಿಲ್ಲ. 1959ರ ಆಗಸ್ಟ್ 27ರಂದು ಭಾರತ ಒಪ್ಪಂದವನ್ನು ಸ್ಥಿರಪಡಿಸಿತು. ಮರುದಿನ, 28ರಂದು, ಲೆಮ್ಕಿನ್ ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ಬಂದವರು ಏಳು ಮಂದಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದು ನಮ್ಮ ಮನೆಯ ವಿಷಯವೂ ಹೌದು. ಬುದ್ಧರ ಸ್ವಂತ ಕುಲ ಹೀಗೆಯೇ ಅಳಿಯಿತೆಂದು ಧಮ್ಮಪದದ ಅಟ್ಠಕಥೆ ಹೇಳುತ್ತದೆ. ಕೋಸಲದ ರಾಜಕುಮಾರ ವಿಡೂಡಭ ದಾಸಿಯ ಮಗಳ ಮಗನೆಂದು ಶಾಕ್ಯರು ಅವನು ಕೂತ ಮಣೆಯನ್ನು ಹಾಲುನೀರಿನಲ್ಲಿ ತೊಳೆಸಿದರು. ಅವನು ರಾಜನಾದ ಮೇಲೆ ಸೈನ್ಯ ಕಟ್ಟಿಕೊಂಡು ಹೊರಟ. ಮೂರು ಸಲ ಬುದ್ಧರು ಗಡಿಯಲ್ಲಿ, ನೆರಳೇ ಇಲ್ಲದ ಒಂದು ಮರದ ಕೆಳಗೆ ಕೂತು ಅವನನ್ನು ಹಿಂದಕ್ಕೆ ಕಳಿಸಿದರು. ನಾಲ್ಕನೆಯ ಸಲ ಹೋಗಲಿಲ್ಲ. ಹಾಲು ಕುಡಿಯುವ ಕೂಸುಗಳನ್ನೂ ಬಿಡದೆ ಕೊಂದರು. ಶಾಕ್ಯರ ಹಿಂದಿನ ಜನ್ಮದ ಕರ್ಮ ಇದು ಎಂದು ಅಟ್ಠಕಥೆ ಕಾರಣ ಕೊಡುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸತ್ತ ಕೂಸಿನ ಲೆಕ್ಕದಲ್ಲಿ ಪಾಪ ಹುಡುಕುವ ಆ ಮಾತನ್ನು ಕೊಂದವರು ಕೇಳಿಸಿಕೊಂಡರೆ ಸಂತೋಷಪಡುತ್ತಾರೆ. ಕಥೆಯಲ್ಲಿ ನನಗೆ ಬೇಕಾದದ್ದು ನೆರಳಿಲ್ಲದ ಮರದ ಕೆಳಗೆ ಮೂರು ಸಲ ಕೂತದ್ದು.

ಹೆಸರು ಬಂದ ಮೇಲೂ ಕೊಲೆ ನಿಂತಿಲ್ಲ. 1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ, ಹೆಚ್ಚಿನವರು ಟುಟ್ಸಿಗಳು, ಸತ್ತರು. ಅಮೆರಿಕದ ಅಧಿಕಾರಿಗಳು ವಾರಗಟ್ಟಲೆ ಲೆಮ್ಕಿನ್ನರ ಪದವನ್ನು ಬಾಯಿಗೆ ತರದೆ ತಪ್ಪಿಸಿಕೊಂಡರು, ಹೇಳಿದರೆ ಏನಾದರೂ ಮಾಡಬೇಕಾಗುತ್ತದೆ ಎಂದು. 1998ರ ಸೆಪ್ಟೆಂಬರ್ 2ರಂದು ತಾಬಾ ಊರಿನ ಮೇಯರ್ ಆಗಿದ್ದ ಅಕಾಯೇಸು ಈ ಅಪರಾಧಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದರಲ್ಲಿ ವಿಚಾರಣೆ ನಡೆದು ತಪ್ಪಿತಸ್ಥನೆಂದು ತೀರ್ಪಾದ ಮೊದಲನೆಯವನಾದ. ಲೆಮ್ಕಿನ್ ಸತ್ತು 39 ವರ್ಷವಾಗಿತ್ತು.

ಇನ್ನು ಮ್ಯಾನ್ಮಾರ್. ಅಲ್ಲಿನ ಹೆಚ್ಚಿನವರು ಬೌದ್ಧರು, ಮೆತ್ತ ಸುತ್ತವನ್ನು ಬಾಯಿಪಾಠ ಮಾಡಿದವರು. ಚೀವರ ಉಟ್ಟ ಕೆಲವರೇ ರೋಹಿಂಗ್ಯಾ ಮುಸ್ಲಿಮರ ಮೇಲೆ ದ್ವೇಷ ಬಿತ್ತಿದರು. 2017ರ ಆಗಸ್ಟ್‌ನಿಂದ ಸೇನೆಯ ದಾಳಿಗೆ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಅವರು ನಿಜವಾದ ಬೌದ್ಧರಲ್ಲ ಎಂದು ನಮ್ಮಲ್ಲಿ ಕೆಲವರು ಕೈತೊಳೆದುಕೊಳ್ಳುವುದನ್ನು ಕೇಳಿದ್ದೇನೆ. ಆ ಮಾತನ್ನು ಎಲ್ಲ ಧರ್ಮದವರೂ ತಮ್ಮವರ ಬಗ್ಗೆ ಹೇಳುತ್ತಾರೆ. 2019ರ ನವೆಂಬರಿನಲ್ಲಿ ಗಾಂಬಿಯಾ ಎಂಬ ಪುಟ್ಟ ಆಫ್ರಿಕನ್ ದೇಶ ಲೆಮ್ಕಿನ್ನರ ಒಪ್ಪಂದವನ್ನೇ ಹಿಡಿದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರಿನಲ್ಲಿ ಆಂಗ್ ಸಾನ್ ಸೂ ಕಿ ಸ್ವತಃ ಬಂದು ತಮ್ಮ ದೇಶದ ಪರ ವಾದಿಸಿದರು. ಆ ಭಾಷಣದಲ್ಲಿ, ಒಂದು ಸಶಸ್ತ್ರ ಗುಂಪಿನ ಹೆಸರಿನ ಭಾಗವಾಗಿ ಬಿಟ್ಟರೆ, ರೋಹಿಂಗ್ಯಾ ಎಂಬ ಪದವನ್ನು ಅವರು ಉಚ್ಚರಿಸಲೇ ಇಲ್ಲ. 2020ರ ಜನವರಿ 23ರಂದು ನ್ಯಾಯಾಲಯ ತನ್ನ ಮಧ್ಯಂತರ ಆದೇಶದಲ್ಲಿ ಆ ಹೆಸರನ್ನು ಹಿಡಿದೇ, ಆ ಜನರನ್ನು ರಕ್ಷಿಸುವಂತೆ ಮ್ಯಾನ್ಮಾರಿಗೆ ಹೇಳಿತು.

ಭಾನುವಾರದ ಕೂಟಕ್ಕೆ ವಿಡೂಡಭನ ಕಥೆಯನ್ನು ಓದಿಕೊಂಡು ಬನ್ನಿ. ನಾಲ್ಕನೆಯ ಸಲ ಬುದ್ಧರು ಯಾಕೆ ಹೋಗಲಿಲ್ಲ ಎಂಬುದರ ಬಗ್ಗೆ ಮಾತಾಡೋಣ.