ಅಲೆಗಳ ಬೆನ್ನು ಹತ್ತಿದ ಕನ್ನಡತಿ: ಡಾ. ರಾಜೇಶ್ವರಿ ಚಟರ್ಜಿ

ಹೊರನಾಡಿನಲ್ಲಿರುವ ನಾವು ಊರಿನಲ್ಲಿರುವ ಅಮ್ಮನೊಡನೆ ದಿನವೂ ಮೊಬೈಲಿನಲ್ಲಿ ಮಾತನಾಡುತ್ತೇವೆ. ಆ ಮಾತನ್ನು ಫೋನಿನಿಂದ ಟವರಿಗೆ ಹೊತ್ತೊಯ್ಯುವುದು ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆಗಳು. ಈ ಅಲೆಗಳ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಸಿದ ಮೊದಲಿಗರಲ್ಲಿ ಒಬ್ಬರು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಹೆಸರಾದ ಡಾ. ರಾಜೇಶ್ವರಿ ಚಟರ್ಜಿ.

ಅವರು ಹುಟ್ಟಿದ್ದು 1922ರ ಜನವರಿ 24ರಂದು. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಅಕ್ಷರಾಭ್ಯಾಸ.

ಇತಿಹಾಸ ಓದುವ ಆಸೆಯಿದ್ದರೂ ರಾಜೇಶ್ವರಿಯವರು ಕೊನೆಗೆ ಆರಿಸಿಕೊಂಡದ್ದು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲೂ ಮೊದಲ ರ್‍ಯಾಂಕ್. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಹಳೆಯ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟಿಗೆ, ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ವಿಷಯ ವಿದ್ಯುತ್ ಸಂಪರ್ಕ. ಗಣಿತದ ಹುಡುಗಿ ಎಂಜಿನಿಯರಿಂಗಿಗೆ ಕಾಲಿಟ್ಟದ್ದು ಹೀಗೆ.

ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿಯ ನಂತರ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೊ ಆವರ್ತನಗಳ ಅಳತೆಯ ತರಬೇತಿ. ಮತ್ತೆ ಮಿಷಿಗನ್ನಿಗೆ ಮರಳಿ ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು.

1953ರಲ್ಲಿ ತಾಯ್ನಾಡಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಎಂಜಿನಿಯರಿಂಗ್ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಅಪರೂಪವಾಗಿದ್ದ ಕಾಲದಲ್ಲಿ ಪಾಠ ಹೇಳಲು ಒಬ್ಬ ಮಹಿಳೆ ನಿಂತಿದ್ದರು. ಅದೇ ವರ್ಷ ಅಲ್ಲೇ ಬೋಧಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಮದುವೆ. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯವನ್ನು ಕಟ್ಟಿದರು. ಯಾವ ಆಕಾರದ ಆಂಟೆನಾ ಅಲೆಯನ್ನು ಯಾವ ದಿಕ್ಕಿಗೆ, ಎಷ್ಟು ಬಲವಾಗಿ ಕಳಿಸುತ್ತದೆ ಎಂಬುದನ್ನು ಮೊದಲು ಸಮೀಕರಣಗಳಲ್ಲಿ ಕಂಡುಕೊಳ್ಳಬೇಕು. ಸೆಂಟ್ರಲ್ ಕಾಲೇಜಿನ ಗಣಿತ ಇಲ್ಲಿ ಕೈಹಿಡಿಯಿತು. ವಿಮಾನ, ಅಂತರಿಕ್ಷ ನೌಕೆಗಳ ಆಂಟೆನಾಗಳ ಬಗ್ಗೆ ಅವರ ಕೆಲಸ ಮುಖ್ಯವಾದದ್ದು.

ಮುಂದೆ ಪ್ರೊಫೆಸರ್ ಆದರು, ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆಯೂ ಆದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ ಬರೆದರು. ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದವರು 20 ಮಂದಿ. ಅವರು ಕಲಿಸಿದ್ದು ಈ ಶಿಷ್ಯರ ಮೂಲಕ ಸಂಸ್ಥೆಯ ಗೋಡೆಯಾಚೆಗೂ ಹರಡಿತು.

1982ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಭಾರತೀಯ ಮಹಿಳಾ ಅಧ್ಯಯನ ಸಂಘದ ಮೂಲಕ ಹೆಣ್ಣುಮಕ್ಕಳ ಕೆಲಸಕ್ಕೆ ನಿಂತರು. ಅಜ್ಜಿ ಹಿಡಿದಿದ್ದ ದಾರಿಗೇ ಮೊಮ್ಮಗಳೂ ಬಂದಂತಾಯಿತು. 2010ರ ಸೆಪ್ಟೆಂಬರ್ 3ರಂದು ಅವರು ನಮ್ಮನ್ನು ಅಗಲಿದರು.

ಅವರ ಮಗಳೂ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದರು. ಒಬ್ಬ ಅಜ್ಜಿ ತೆರೆದ ಶಾಲೆಯ ಫಲ ನಾಲ್ಕನೆಯ ತಲೆಮಾರಿಗೂ ತಲುಪಿತು. ನಮ್ಮ ಮನೆಯ ಹುಡುಗಿ ಗಣಿತದ ಪುಸ್ತಕ ಹಿಡಿದು ಕೂತಾಗ ರಾಜೇಶ್ವರಿಯವರ ಕಥೆಯನ್ನು ಹೇಳೋಣ, ಜೊತೆಗೆ ಆ ಅಜ್ಜಿಯ ಕಥೆಯನ್ನೂ.