ತಾಯಿ ಬ್ರಾಜಿಯೆ

ಮನೆಯಲ್ಲಿ ಅಡಿಗೆಯು ಹೆಂಗಸಿನದು; ಅದಕ್ಕೆ ಸಂಬಳವೂ ಬಿರುದೂ ದೊರೆಯುವಲ್ಲಿ ಸೌಟು ಗಂಡಸಿನ ಕೈಸೇರುವುದನ್ನು ನಾವು ಎಲ್ಲೆಡೆಯೂ ಕಾಣುತ್ತೇವೆ. ಫ್ರಾನ್ಸ್ ದೇಶದಲ್ಲಿಯೂ ಹೀಗೆಯೇ. ಅಲ್ಲಿ ಯುಜೆನಿ ಬ್ರಾಜಿಯೆ ಎಂಬಾಕೆಯು 1895ರಲ್ಲಿ ಬಡ ರೈತರ ಮನೆಯಲ್ಲಿ ಜನಿಸಿದಳು. ಹತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಪರರ ಹೊಲಮನೆಗಳಲ್ಲಿ ದುಡಿದಳು. ಮದುವೆಯಿಲ್ಲದೆ ಗಂಡುಮಗುವಿನ ತಾಯಿಯಾದಾಗ ತಂದೆಯು ಅವಳನ್ನು ಹೊರಗಟ್ಟಿದನು. ಆ ತಂದೆಯನ್ನು ನಾವು ಮನ್ನಿಸಲಾರೆವು. ಕೂಸನ್ನು ಸಾಕುವವರಲ್ಲಿ ಬಿಟ್ಟು ಲಿಯೋಂ ಪಟ್ಟಣದಲ್ಲಿ ಚಾಕರಿಗೆ ನಿಂತಳು.

ಧನಿಕರ ಮನೆಗಳಲ್ಲಿ ಅಡಿಗೆ ಮಾಡಿದ ಹೆಂಗಸರು ಸ್ವಂತ ಭೋಜನಶಾಲೆಗಳನ್ನು ತೆರೆಯುವ ವಾಡಿಕೆ ಆ ಪಟ್ಟಣದಲ್ಲಿತ್ತು. ಜನರು ಅವರನ್ನು ತಾಯಿ ಎಂದೇ ಕರೆಯುತ್ತಿದ್ದರು. ಅಂಥ ತಾಯಿ ಫಿಯೂ ಎಂಬಾಕೆಯ ಬಳಿ ದುಡಿದು, 1921ರಲ್ಲಿ ತಾನೂ ಒಂದನ್ನು ತೆರೆದಳು. ಕೋಳಿಯ ಚರ್ಮದಡಿ ಕರಿಯ ಟ್ರಫಲ್ ಅಣಬೆಯ ಬಿಲ್ಲೆಗಳನ್ನಿಟ್ಟು ಬೇಯಿಸಿದ ಅಡಿಗೆಯು ಅಲ್ಲಿ ಹೆಸರುವಾಸಿಯಾಯಿತು. 1933ರಲ್ಲಿ ಮಿಶೆಲಿನ್ ಕೈಪಿಡಿಯು ಆಕೆಯ ಎರಡು ಭೋಜನಶಾಲೆಗಳಿಗೂ ಮೂರು ಮೂರು ನಕ್ಷತ್ರಗಳನ್ನಿತ್ತಿತು. ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಆರು ಪಡೆದ ಮೊದಲಿಗಳು ಈಕೆಯೇ. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಬೊಕ್ಯೂಸನು ಈಕೆಯಲ್ಲಿ ಹಸುವಿನ ಹಾಲು ಕರೆಯುವುದರಿಂದ ತೊಡಗಿ ಕಸಬು ಕಲಿತನು. ಶಿಷ್ಯನನ್ನು ಬಲ್ಲವರೆಲ್ಲ ಗುರುವನ್ನು ಬಲ್ಲರೇ?

ಈಕೆಯು 1977ರಲ್ಲಿ ತೀರಿಕೊಂಡಳು. 1998ರಲ್ಲಿ ಅಲ್ಯಾಂ ದ್ಯುಕಾಸ್ ಎಂಬಾತನಿಗೆ ಆರು ನಕ್ಷತ್ರಗಳು ದೊರೆತಾಗ, ಆತನೇ ಮೊದಲಿಗನೆಂದು ಪತ್ರಿಕೆಗಳು ಸಾರಿದವು.