ಮೂಲನಿವಾಸಿಗಳ ರಕ್ಷಕ ರಾಬಿನ್ಸನ್

ದುರ್ಬಲರ ರಕ್ಷಣೆಗೆ ನಿಲ್ಲುವುದು ಪುಣ್ಯಕಾರ್ಯವೇ ಸರಿ. ಆದರೆ ಅವರಿಗಿತ್ತ ಮಾತು ತಪ್ಪಿದರೆ ಆ ರಕ್ಷಣೆ ಏನಾದೀತೆಂಬುದನ್ನು ಜಾರ್ಜ್ ಅಗಸ್ಟಸ್ ರಾಬಿನ್ಸನ್ ಅವರ ಬಾಳಿನಲ್ಲಿ ನಾವು ಕಾಣುತ್ತೇವೆ.

1791ರಲ್ಲಿ ಜನಿಸಿದ ರಾಬಿನ್ಸನ್ ವೃತ್ತಿಯಿಂದ ಕಟ್ಟಡ ಕಟ್ಟುವವರು. 1824ರಲ್ಲಿ ಅವರು ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ದಕ್ಷಿಣದಲ್ಲಿರುವ ಟಾಸ್ಮೇನಿಯ ದ್ವೀಪಕ್ಕೆ ಬಂದು ಹೋಬರ್ಟ್‌ನಲ್ಲಿ ನೆಲೆಸಿದರು. ಕುರಿ ಸಾಕಲು ಬಂದ ಬ್ರಿಟಿಷ್ ವಲಸಿಗರು ಮೂಲನಿವಾಸಿಗಳ ಬೇಟೆಯ ನೆಲವನ್ನು ಕಬಳಿಸಿದ್ದರಿಂದ ಅಲ್ಲಿ ಘೋರ ಕಾಳಗ ನಡೆದಿತ್ತು. 1830ರಲ್ಲಿ ಗವರ್ನರ್ ಆರ್ಥರ್ ಎರಡು ಸಾವಿರಕ್ಕೂ ಮಿಕ್ಕಿ ಜನರನ್ನು ಸಾಲುಗಟ್ಟಿಸಿ ಅವರನ್ನು ಹಿಡಿಯಹೊರಟರೂ ಯತ್ನ ವಿಫಲವಾಯಿತು.

ಸೈನ್ಯಕ್ಕೆ ಆಗದ್ದನ್ನು ರಾಬಿನ್ಸನ್ ಸ್ನೇಹದಿಂದ ಸಾಧಿಸಿದರು. ತ್ರುಗನಿನಿ, ವೂರಡಿ ಮೊದಲಾದ ಮೂಲನಿವಾಸಿಗಳೊಡನೆ ವರ್ಷಗಟ್ಟಲೆ ಕಾಡುಮೇಡು ಅಲೆದು, ಅವರ ನುಡಿಯನ್ನೂ ಕಲಿತರು. 1831ರಲ್ಲಿ ಮನ್ನಲಾರ್ಗೆನ ಎಂಬ ನಾಯಕರಿಗೆ, ಅವರ ಜನ ತಮ್ಮ ನಾಡಿನಲ್ಲೇ ಉಳಿಯಬಹುದೆಂದು ಭರವಸೆಯಿತ್ತರು. ಆ ಮಾತು ನಡೆಯಲಿಲ್ಲ. ಗುಂಪುಗುಂಪಾಗಿ ನಂಬಿ ಬಂದವರನ್ನು ಕಡಲಾಚೆಯ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಸರಕಾರ ರಾಬಿನ್ಸನ್ ಅವರಿಗೆ ಹಣವನ್ನೂ ಭೂಮಿಯನ್ನೂ ನೀಡಿತು.

1835ರಲ್ಲಿ ಅಲ್ಲಿನ ವೈಬಲೆನ್ನ ವಸತಿಯ ಮುಖ್ಯಾಧಿಕಾರಿಯಾದ ಅವರು ನಿವಾಸಿಗಳಿಗೆ ಹೊಸ ಹೆಸರಿಟ್ಟರು. ಶಾಲೆ, ಕ್ರೈಸ್ತ ಬೋಧನೆ, ಹೊಲಿದ ಉಡುಪುಗಳ ಏರ್ಪಾಡು ಮಾಡಿದರು. ಆದರೆ ರೋಗ ಅವರನ್ನು ಒಬ್ಬೊಬ್ಬರನ್ನಾಗಿ ಕೊಂಡೊಯ್ದಿತು. ಮನ್ನಲಾರ್ಗೆನ ಅದೇ ವರ್ಷ ಡಿಸೆಂಬರಿನಲ್ಲಿ, ತಮ್ಮ ನಾಡಿನಿಂದ ದೂರದಲ್ಲಿ ಕಣ್ಮುಚ್ಚಿದರು. 1847ರಲ್ಲಿ ಟಾಸ್ಮೇನಿಯಕ್ಕೆ ಮರಳಿದವರು ಕೇವಲ 47 ಮಂದಿ.

ಅಷ್ಟರಲ್ಲಿ ರಾಬಿನ್ಸನ್ ಮೆಲ್ಬರ್ನ್ ಸೇರಿದ್ದರು. 1839ರಲ್ಲಿ ಪೋರ್ಟ್ ಫಿಲಿಪ್ ಪ್ರಾಂತದ ಮುಖ್ಯ ಸಂರಕ್ಷಣಾಧಿಕಾರಿಯಾದ ಅವರಿಗೆ ನಾಲ್ವರು ಸಹಾಯಕರಿದ್ದರು. ಅಷ್ಟು ವಿಶಾಲವಾದ ಪ್ರಾಂತಕ್ಕೆ ಅದು ಏನೇನೂ ಸಾಲದು. ಜನರನ್ನು ಕಾಯಬೇಕೆಂದ ಸರಕಾರವೇ ಅವರ ನೆಲದಲ್ಲಿ ಕುರಿ ಮೇಯಿಸಲು ವಲಸಿಗರಿಗೆ ಪರವಾನಗಿ ಕೊಡುತ್ತಿತ್ತು. 1849ರ ಕೊನೆಗೆ ಆ ಇಲಾಖೆಯನ್ನೇ ಮುಚ್ಚಲಾಯಿತು. ಸ್ವದೇಶಕ್ಕೆ ಮರಳಿದ ರಾಬಿನ್ಸನ್ 1866ರಲ್ಲಿ ಬಾತ್ ನಗರದಲ್ಲಿ ತೀರಿಕೊಂಡರು.

ಅವರನ್ನು ಬರಿಯ ವಂಚಕರೆನ್ನಲು ನಮ್ಮ ಮನ ಒಪ್ಪದು. ದಿನದಿನವೂ ಬರೆದಿಟ್ಟ ದಿನಚರಿಗಳಲ್ಲಿ ಅವರು ಆ ಜನರ ಹೆಸರು, ನುಡಿ, ಆಚಾರಗಳನ್ನು ಉಳಿಸಿದ್ದಾರೆ. ಟಾಸ್ಮೇನಿಯದ ಬರಹಗಳು 1966ರಲ್ಲಿ ಗ್ರಂಥರೂಪ ತಾಳಿದವು. ಆ ಜನಾಂಗ ಅಳಿಯಿತೆಂದು ಲೋಕ ಬಹುಕಾಲ ನಂಬಿದ್ದು ಸುಳ್ಳು. ಮನ್ನಲಾರ್ಗೆನರ ಪುತ್ರಿಯರ ಸಂತತಿಯವರು ಇಂದೂ ಅಲ್ಲಿ ಬಾಳುತ್ತಿದ್ದಾರೆ. ಪೂರ್ವಜರ ಮಾತುಗಳನ್ನು ಅರಸುವವರಿಗೆ ಆ ಪುಟಗಳು ಆಸರೆಯಾಗಿವೆ.

ಅನ್ನ, ಬಟ್ಟೆ, ಬೋಧನೆಗಳನ್ನಿತ್ತು ನೆಲವನ್ನು ಕಸಿದುಕೊಂಡರೆ ಅದು ರಕ್ಷಣೆಯಾಗದು. ಪರರ ಹಿತಕ್ಕೆ ಕೈಹಾಕುವ ನಾವೆಲ್ಲರೂ ಇದನ್ನು ನೆನಪಿಡುವುದು ಲೇಸು.